ಬಚ್ಚಲುಮನೆ ಟೈಲ್ ನಾವೇ ಹಾಕೋದು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಬಚ್ಚಲುಮನೆ ಟೈಲ್ ಬಗ್ಗೇನೇ ಇವೆ, ಅದೂ ಮೇಸ್ತ್ರಿ ಸಿಗ್ತಿಲ್ಲ, ಸಿಕ್ಕಿದ್ರೂ ಅರ್ಧ ಮಾಡಿ ಬೇರೆ ಸೈಟಿಗೆ ಹೋಗ್ತಾರೆ, ಅದಕ್ಕೆ ನಾವೇ ಮಾಡ್ತೀವಿ ಅಂತ ಹೊರಟವರದ್ದು. ಖಂಡಿತ ಮಾಡಬಹುದು, ಟೈಲ್ ಕೂರಿಸೋದು ಕೈಗೆ ಬರೋ ಕೆಲಸವೇ. ಆದ್ರೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಕೆಳಗಿನ ಎಲ್ಲ ಉತ್ತರದಲ್ಲೂ ಅದೇ ಬರುತ್ತೆ. ಟೈಲ್ ನೀರು ತಡೆಯೋದಿಲ್ಲ. ನೀರು ತಡೆಯೋದು ಟೈಲಿನ ಹಿಂದಿರೋ ಪದರ, ನೀರು ಹೊರಗೆ ಕಳಿಸೋದು ನೆಲದ ವಾಟ, ಅಂದ್ರೆ ಇಳಿಜಾರು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರ ಕಡೆ, ಜೂನಿಂದ ಸೆಪ್ಟೆಂಬರ್ ತನಕ ಗೋಡೆ ಪೂರ್ತಿ ಒಣಗೋದೇ ಇಲ್ಲ, ಅಂಥ ಊರಲ್ಲಿ ಈ ಎರಡು ಸರಿ ಇಲ್ಲದೆ ಎಷ್ಟೇ ದುಬಾರಿ ಟೈಲ್ ತಂದ್ರೂ ಉಪಯೋಗ ಇಲ್ಲ.

ಪ್ರಶ್ನೆ: ಅಣ್ಣಾ ನಮಸ್ಕಾರ, ನಮ್ಮದು ಶಿರಸಿ ಹತ್ರ ಹಳ್ಳಿ ಮನೆ. ಬಚ್ಚಲುಮನೆ ಅಜ್ಜನ ಕಾಲದ್ದು, ಎರಡು ಕಡೆ ಮಣ್ಣಿನ ಗೋಡೆ, ಎರಡು ಕಡೆ ಚಿರೆಕಲ್ಲು, ಒಂದು ಮೂಲೇಲಿ ಹಂಡೆ ಒಲೆ ಇದೆ, ಅಡಿಕೆ ಸಿಪ್ಪೆ ಹಾಕಿ ಉರಿಸ್ತೀವಿ. ಮಾರಿಕಾಂಬಾ ಜಾತ್ರೆಗೆ ನೆಂಟರು ಬರೋದ್ರೊಳಗೆ ನಾನು ತಮ್ಮ ಸೇರಿ ಟೈಲ್ ಹಾಕಿ ಮುಗಿಸೋಣ ಅಂತಿದೀವಿ. ಗೋಡೆ ಮೇಲೆ ಸೀದಾ ಅಂಟು ಹಚ್ಚಿ ಕೂರಿಸ್ಬಹುದಾ? ಎಲ್ಲಿಂದ ಶುರು ಮಾಡೋದು? (ಶಿರಸಿ ತಾಲೂಕಿನ ಓದುಗರು)

ಉತ್ತರ: ಸೀದಾ ಹಾಕ್ಬೇಡಿ ಮಾರಾಯ್ರೆ. ಮೊದ್ಲು ಆ ಮಣ್ಣಿನ ಗೋಡೆ ವಿಷಯ. ಮಣ್ಣಿನ ಗೋಡೆ ಮೇಲೆ ಟೈಲ್ ಅಂಟು ಅಲ್ಲ, ಸಿಮೆಂಟ್ ಪ್ಲಾಸ್ಟರ್ ಕೂಡ ಹಿಡಿದು ನಿಲ್ಲೋದಿಲ್ಲ, ಮಳೆಗಾಲದಲ್ಲಿ ಮಣ್ಣು ತೇವ ಕುಡಿದು ಉಬ್ಬುತ್ತೆ, ಬೇಸಿಗೇಲಿ ಕುಗ್ಗುತ್ತೆ, ಸಿಮೆಂಟ್ ಹಾಗೆ ಮಾಡಲ್ಲ, ಕೊನೆಗೆ ಪ್ಲಾಸ್ಟರ್ ಟೈಲ್ ಸಮೇತ ಹಾಳೆ ಹಾಗೆ ಕಳಚಿ ಬರುತ್ತೆ. ಜಾಗ ಇದ್ರೆ ಆ ಎರಡು ಕಡೆ ಒಳಗಿಂದ 4 ಇಂಚಿನ ಸಿಮೆಂಟ್ ಬ್ಲಾಕ್ ಗೋಡೆ ಬೇರೆನೇ ಕಟ್ಟಿ, ಮಣ್ಣಿನ ಗೋಡೆಗೆ ತಾಗಿಸದೆ ಒಂದು ಸಣ್ಣ ಸಂದು ಬಿಟ್ಟು. ಬಚ್ಚಲು ಸ್ವಲ್ಪ ಚಿಕ್ಕದಾಗುತ್ತೆ, ಆಗ್ಲಿ. ಈ ಒಂದು ಗೋಡೆ ಕೆಲಸಕ್ಕೆ ಮೇಸ್ತ್ರೀನೇ ಕರೀರಿ, ಉಳಿದದ್ದು ನೀವು ಮಾಡಿ.

ಚಿರೆಕಲ್ಲಿನ ಕಡೆ ಅಷ್ಟು ತೊಂದ್ರೆ ಇಲ್ಲ, ಆದ್ರೆ ಅದು ತೂತು ತೂತು ಇರೋ ಕಲ್ಲು, ನೀರು ಚೆನ್ನಾಗಿ ಕುಡಿಯುತ್ತೆ, ಮೈಯೂ ಸಮ ಇರೋದಿಲ್ಲ. ಹಳೇ ಸುಣ್ಣದ ಗಾರೆ, ಬಣ್ಣ, ಹೊಗೆಯ ಕರಿ ಎಲ್ಲ ಕೆರೆದು ತೆಗೆದು, ಕಲ್ಲಿಗೆ ನೀರು ಹೊಡೆದು, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು ಹಾಕಿ ಪ್ಲಾಸ್ಟರ್ ಮಾಡಿ. ಕಲ್ಲು ಒಳಗೆ ಹೊರಗೆ ಇದ್ರೆ ದಪ್ಪ ಒಂದೇ ಸಲ ಬಳೀಬೇಡಿ, ಎರಡು ಸಲ ಮಾಡಿ, ಮೊದಲನೇದನ್ನ ಗೀರಿ ಬಿಟ್ಟು ಮೇಲೆ ಇನ್ನೊಂದು. ಏಳು ದಿನ ನೀರು ಹಾಕಿ, ಆಮೇಲೆ ಒಣಗೋಕೆ ಬಿಡಿ. ಉದ್ದದ ಅಲ್ಯೂಮಿನಿಯಂ ಪಟ್ಟಿ ಹಿಡಿದು ನೋಡಿ, ಪಟ್ಟಿ ಹಿಂದೆ ಬೆರಳು ಹೋಗೋಷ್ಟು ಸಂದು ಇದ್ರೆ ಈಗ್ಲೇ ಸರಿ ಮಾಡ್ಕೊಳ್ಳಿ, ಟೈಲ್ ಅಂಟಿಂದ ಗೋಡೆ ಸಮ ಮಾಡ್ತೀನಿ ಅಂತ ಹೋದ್ರೆ ದುಡ್ಡೂ ಹೋಗುತ್ತೆ ಟೈಲೂ ಅಂಕುಡೊಂಕು ಕೂರುತ್ತೆ. ಗೋಡೆ ಒಳಗೆ ಹೋಗೋ ಪೈಪೆಲ್ಲ ಪ್ಲಾಸ್ಟರ್ ಮುಂಚೆನೇ ಹಾಕ್ಸಿ, ಪ್ಲಂಬರ್ ಹತ್ರ ಪ್ರೆಷರ್ ಟೆಸ್ಟ್ ಮಾಡಿಸಿ. ಇದನ್ನ ಬಿಟ್ಟು ಟೈಲ್ ಹಾಕಿದ್ರೆ ಒಂದು ಎಲ್ಬೋ ಸೋರಿದ್ರೂ ಹೊಸ ಗೋಡೆ ಒಡೀಬೇಕು.

ಇನ್ನು ಒಲೆ. ಹಂಡೆ ನೀರಿನ ಸ್ನಾನ ಬಿಟ್ಟುಬಿಡಿ ಅಂತ ನಾನು ಹೇಳೋನಲ್ಲ, ಘಟ್ಟದ ಮೇಲಿನ ಮಳೆಗಾಲದಲ್ಲಿ ಅದ್ರಷ್ಟು ಸುಖ ಯಾವ ಗೀಸರಲ್ಲೂ ಇಲ್ಲ. ಆದ್ರೆ ಕಾದ ಟೈಲಿಗೆ ತಣ್ಣೀರು ಬಿದ್ರೆ ಗೆರೆ ಬಿಡುತ್ತೆ, ಟೈಲ್ ಸಂದಿಗೆ ತುಂಬೋ ಎಪಾಕ್ಸಿ ಗ್ರೌಟ್ ಬಿಸಿಗೆ ಮೆತ್ತಗಾಗುತ್ತೆ. ಒಂದು ಕೆಲಸ ಮಾಡಿ, ದಿನಾ ಉರಿಸೋ ಹಾಗೆ ಜೋರಾಗಿ ಉರಿ ಮಾಡಿ, ಹಂಡೆ ನೀರು ಕುದಿ ಬಂದಾಗ ಒಲೆ ಅಕ್ಕಪಕ್ಕದ ಗೋಡೆ ಮೇಲೆ ಅಂಗೈ ಇಟ್ಟು ನೋಡ್ತಾ ಹೋಗಿ. ಅಂಗೈ ಆರಾಮಾಗಿ ಇಟ್ಟುಕೊಳ್ಳೋಕೆ ಆಗದ ಜಾಗಕ್ಕೆಲ್ಲ ಇದ್ದಿಲಿಂದ ಗೆರೆ ಹಾಕಿ, ಆ ಗೆರೆಯಿಂದ ಇನ್ನೂ ಅರ್ಧ ಅಡಿ ಆಚೆಗೆ ಟೈಲ್ ನಿಲ್ಲಿಸಿ. ಒಳಗಿನ ಜಾಗ ಚಿರೆಕಲ್ಲು ಇದ್ದ ಹಾಗೇ ಇರ್ಲಿ, ನೋಡೋಕೂ ಚೆನ್ನಾಗೇ ಇರುತ್ತೆ. ಒಲೆ ಬಾಯಿ ಬಚ್ಚಲಿನ ಹೊರಗಡೆ ಇದ್ರಂತೂ ಅರ್ಧ ಕಷ್ಟ ಕಮ್ಮಿ, ಹೊಗೆ ಕರಿ ಟೈಲಿಗೆ ಹತ್ತೋದಿಲ್ಲ.

ಪ್ಲಾಸ್ಟರ್ ಒಣಗಿದ ಮೇಲೆ ವಾಟರ್‌ಪ್ರೂಫಿಂಗ್. ಪುಡಿ ಒಂದು, ಹಾಲಿನ ಹಾಗಿರೋ ದ್ರವ ಒಂದು, ಎರಡೂ ಸೇರಿಸಿ ಕಲಸೋ ಕೋಟಿಂಗ್ ಎಲ್ಲ ಪೇಂಟ್ ಅಂಗಡೀಲೂ ಸಿಗುತ್ತೆ. ನೆಲ ಗೋಡೆ ಸೇರೋ ಮೂಲೇನ ಮೊದ್ಲು ಗಾರೆಯಿಂದ ದುಂಡಗೆ ಮಾಡಿ, ಅಲ್ಲಿ ಫೈಬರ್ ಮೆಶ್ ಪಟ್ಟಿ ಕೂರಿಸಿ, ಆಮೇಲೆ ಬ್ರಷ್ಷಿಂದ ಎರಡು ಕೋಟ್, ಒಂದು ಅಡ್ಡಕ್ಕೆ ಇನ್ನೊಂದು ಉದ್ದಕ್ಕೆ. ನೆಲ ಪೂರ್ತಿ, ಗೋಡೆ ಸುತ್ತ ಕನಿಷ್ಠ 1 ಅಡಿ, ಮೈಮೇಲೆ ನೀರು ಹುಯ್ಕೊಳ್ಳೋ ಕಡೆ 6 ಅಡಿ ಎತ್ತರದ ತನಕ. ಪೈಪ್ ಗೋಡೆಯಿಂದ ಹೊರಗೆ ಬರೋ ಜಾಗ, ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಗೆ ಹೋಗೋ ಜಾಲರಿ ಕೆಳಗಿನ ಬಟ್ಟಲಿನ) ಕುತ್ತಿಗೆ, ಇವೆರಡೇ ಸೋರೋದು ಹೆಚ್ಚು, ಅಲ್ಲಿ ಸಾವಕಾಶ ಬಳೀರಿ. ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಒಣಗಿದ ಮೇಲೆ ಟ್ರ್ಯಾಪ್ ಬಾಯಿಗೆ ಬಟ್ಟೆ ತುರುಕಿ, ನೆಲದ ತುಂಬ ಒಂದೆರಡು ಇಂಚು ನೀರು ನಿಲ್ಲಿಸಿ, ಅಂಚಲ್ಲಿ ಪೆನ್ಸಿಲ್ ಗುರುತು ಹಾಕಿ 48 ಗಂಟೆ ಬಿಡಿ. ಹೊರಗಿನ ಗೋಡೆ ಬುಡ ಒಣಗಿದ್ದು ನೀರೂ ಗುರುತಿಂದ ಹೆಚ್ಚು ಇಳೀದೆ ಇದ್ರೆ ಮುಂದಕ್ಕೆ ಹೋಗಿ. ಜಾತ್ರೆ ಹತ್ರ ಬಂತು ಅಂತ ಈ 48 ಗಂಟೆ ಮಾತ್ರ ಬಿಡಬೇಡಿ.

ಈಗ ಟೈಲ್. ನೆಲದ ಹತ್ರದ ಮೊದಲನೇ ಸಾಲಿಂದ ಶುರು ಮಾಡ್ಬೇಡಿ, ನೆಲ ಯಾವತ್ತೂ ಮಟ್ಟ ಇರಲ್ಲ, ಇರಲೂಬಾರದು. ಎರಡನೇ ಸಾಲಿಂದ ಶುರು ಮಾಡಿ. ನೀರು ತುಂಬಿದ ಟ್ಯೂಬ್ ಹಿಡಿದು ನಾಲ್ಕೂ ಗೋಡೆಗೆ ಒಂದೇ ಮಟ್ಟದ ಗುರುತು ಹಾಕಿ, ಆ ಗೆರೆಗೆ ಸರಿಯಾಗಿ ಪಟ್ಟಿ ನಿಲ್ಲಿಸಿ ಅದರ ಮೇಲೆ ಟೈಲ್ ಕೂರಿಸ್ತಾ ಹೋಗಿ. ಪಟ್ಟಿಗೆ ಮೊಳೆ ಹೊಡೀಬೇಡಿ, ಈಗಷ್ಟೇ ಬಳಿದ ಕೋಟಿಂಗ್ ತೂತಾಗುತ್ತೆ, ಕೆಳಗಿಂದ ಇಟ್ಟಿಗೆ ಚೂರು ಕೊಟ್ಟು ನಿಲ್ಲಿಸಿ. ಗೋಡೆ ಆದ ಮೇಲೆ ಪಟ್ಟಿ ತೆಗೆದು ನೆಲ, ಕೊನೆಗೆ ಕೆಳಗಿನ ಸಾಲಿಗೆ ಅಳತೆ ನೋಡಿ ಕತ್ತರಿಸಿ ಹಾಕಿದ್ರೆ ಗೋಡೆ ಟೈಲ್ ನೆಲದ ಟೈಲ್ ಮೇಲೆ ಕೂತು ನೀರು ಸಂದಿಗೆ ಇಳಿಯೋದಿಲ್ಲ. ಅಂಟು ಕಲಸೋ ಮುಂಚೆ ಟೈಲ್ ಹಾಗೇ ಜೋಡಿಸಿ ನೋಡಿ, ಮೂಲೇಲಿ 2 ಇಂಚಿನ ಸೀಳು ಬರೋ ಹಾಗಿದ್ರೆ ಮಧ್ಯದ ಗೆರೆ ಅರ್ಧ ಟೈಲ್ ಸರಿಸಿ, ಎರಡೂ ಕಡೆ ದೊಡ್ಡ ತುಂಡೇ ಬರುತ್ತೆ.

20 ಕೆಜಿ ಚೀಲದ ಅಂಟಿಗೆ ಹತ್ರ ಹತ್ರ 5 ಲೀಟರ್ ನೀರು ಬೇಕು, ಚೀಲದ ಮೇಲೆ ಬರೆದಿರುತ್ತೆ, ಅದನ್ನೇ ನೋಡಿ. ಬಕೆಟ್ಟಿಗೆ ನೀರು ಮೊದ್ಲು, ಪುಡಿ ಆಮೇಲೆ. ಕಲಸಿ ಐದು ನಿಮಿಷ ಬಿಟ್ಟು ಮತ್ತೆ ಕಲಸಿ. ಒಂದೇ ಸಲ ಚೀಲ ಪೂರ್ತಿ ಕಲಸ್ಬೇಡಿ, ಹೊಸಬರಿಗೆ ಕಾಲು ಚೀಲ ಸಾಕು, ಗಟ್ಟಿ ಆಗ್ತಾ ಬಂದ್ರೆ ಮತ್ತೆ ನೀರು ಸೇರಿಸಿ ಮೆತ್ತಗೆ ಮಾಡೋದಂತೂ ಬೇಡವೇ ಬೇಡ, ಅದರ ಹಿಡಿತ ಹೋಗಿರುತ್ತೆ. ಹಲ್ಲಿರೋ ಕರಣೀಲಿ ಗೋಡೆ ಮೇಲೆ ಒಂದೇ ದಿಕ್ಕಿಗೆ ಎಳೀರಿ, ಟೈಲ್ ಒತ್ತಿ ಸ್ವಲ್ಪ ಅಲ್ಲಾಡ್ಸಿ ಕೂರಿಸಿ. ಮೊದಲನೇ ಟೈಲ್ ಕೂರಿಸಿದ ಕೂಡ್ಲೇ ಕಿತ್ತು ಹಿಂದೆ ನೋಡಿ, ಅಂಟು ಬೆನ್ನ ತುಂಬ ಹತ್ತಿರಬೇಕು, ಗೆರೆ ಗೆರೆ ಹಾಗೇ ಉಳಿದಿದ್ರೆ ದೊಡ್ಡ ಹಲ್ಲಿನ ಕರಣಿ ತಗೊಳ್ಳಿ ಇಲ್ಲಾ ಟೈಲಿನ ಬೆನ್ನಿಗೂ ತೆಳ್ಳಗೆ ಬಳೀರಿ. ವಿಟ್ರಿಫೈಡ್ ಟೈಲ್ ಆದ್ರೆ ಬೆನ್ನ ಮೇಲೆ ಬಿಳಿ ಪುಡಿ ಇರುತ್ತೆ, ಒದ್ದೆ ಬಟ್ಟೇಲಿ ಒರೆಸಿ ಒಣಗಿಸಿ, ಆ ಪುಡಿ ಇದ್ರೆ ಅಂಟು ಪುಡಿಗೆ ಹಿಡಿಯುತ್ತೆ ಟೈಲಿಗಲ್ಲ. ವಿಟ್ರಿಫೈಡ್ ಟೈಲ್ ನೀರು ಕುಡಿಯೋದು ನೂರಕ್ಕೆ 0.5ಕ್ಕಿಂತ ಕಮ್ಮಿ, ಅದಕ್ಕೇ ಸಿಮೆಂಟ್ ಹಾಲು ಬಳಿದು ಅಂಟಿಸಿದ್ರೆ ಕಚ್ಚಿಕೊಳ್ಳಲ್ಲ, ಅದಕ್ಕೆ ಟೈಪ್ 2 ಅಂತ ಬರೆದಿರೋ ಅಂಟೇ ಬೇಕು. ಗೋಡೆಯ ಸಾದಾ ಸಿರಾಮಿಕ್ ಟೈಲಿಗೆ ಟೈಪ್ 1 ಸಾಕಾಗುತ್ತೆ. ಟೈಲ್ ನೀರಲ್ಲಿ ನೆನೆಸೋದು ಸಿಮೆಂಟಲ್ಲಿ ಅಂಟಿಸೋವಾಗ ಮಾತ್ರ, ಈ ಅಂಟಿಗೆ ಒಣ ಟೈಲೇ ಬೇಕು.

ಕತ್ತರಿಸೋವಾಗ ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಟೈಲ್ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಗ್ರೈಂಡರ್ ಅಂಗಳದಲ್ಲೇ ಇಟ್ಕೊಳ್ಳಿ, ಮನೆ ಒಳಗೆ ಬೇಡ. ನೀರು ಹಾಕಿ ಕತ್ತರಿಸೋ ಮಷೀನ್ ಆದ್ರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕೂಡ್ಲೇ ಲೈನ್ ಕಟ್ ಮಾಡೋ ಸ್ವಿಚ್) ಇರೋ ಲೈನಿಂದಲೇ ಕರೆಂಟ್ ತಗೊಳ್ಳಿ. ಗೀಸರ್ ಪಾಯಿಂಟ್, ಸ್ವಿಚ್ ಇದೆಲ್ಲ ಎಲೆಕ್ಟ್ರಿಶಿಯನ್ ಕೆಲಸ, ಅದರಲ್ಲಿ ಉಳಿತಾಯ ನೋಡ್ಬೇಡಿ.

ಪ್ರಶ್ನೆ: ಸರ್, ಕಾರವಾರದಲ್ಲಿ ಒಂದನೇ ಮಾಳಿಗೆ ಫ್ಲಾಟ್ ನಮ್ಮದು. ನಮ್ಮ ಬಾತ್‌ರೂಮಿಂದ ಕೆಳಗಿನ ಮನೆಯವರ ಸೀಲಿಂಗ್ ಒದ್ದೆ ಆಗ್ತಿದೆ, ದಿನಾ ಜಗಳ. ಹಳೇ ಟೈಲ್ ಒಡೆದ್ರೆ ಗಲಾಟೆ ಧೂಳು ಅಂತ ಅದರ ಮೇಲೇ ಹೊಸ ಟೈಲ್ ಹಾಕಿದ್ರೆ ಸೋರೋದು ನಿಲ್ಲುತ್ತಾ? (ಕಾರವಾರದ ಓದುಗರು)

ಉತ್ತರ: ನಿಲ್ಲೋದಿಲ್ಲ. ಟೈಲ್ ಮೇಲೆ ಟೈಲ್ ಹಾಕಬಹುದು, ಅದಕ್ಕಂತಲೇ ಅಂಟು ಸಿಗುತ್ತೆ, ಆದ್ರೆ ಅದು ಸೋರದೆ ಇರೋ ಬಾತ್‌ರೂಮಿಗೆ. ನಿಮ್ಮಲ್ಲಿ ಹಾಕಿದ್ರೆ ಸೋರೋ ಜಾಗದ ಮೇಲೆ ಇನ್ನೊಂದು ಮುಚ್ಚಳ ಹಾಕಿದ ಹಾಗೆ ಅಷ್ಟೇ.

ಮೊದ್ಲು ಎಲ್ಲಿಂದ ಸೋರ್ತಿದೆ ಅಂತ ಹಿಡೀರಿ, ಇದಕ್ಕೆ ಖರ್ಚಿಲ್ಲ, ಕೆಳಗಿನ ಮನೆಯವರ ಸಹಕಾರ ಮಾತ್ರ ಬೇಕು, ಅವರಿಗೂ ಸೋರೋದು ನಿಂತ್ರೆ ಸಾಕಾಗಿರುತ್ತೆ, ಒಂದು ಸಲ ಕೂತು ಮಾತಾಡಿ. ಎರಡ್ಮೂರು ದಿನ ಆ ಬಾತ್‌ರೂಮ್ ಬಳಸ್ಬೇಡಿ, ಆದ್ರೆ ನಲ್ಲಿಗೆ ಬರೋ ಲೈನ್ ಮಾತ್ರ ತೆರೆದೇ ಇರ್ಲಿ. ಆಗ್ಲೂ ಕೆಳಗೆ ತೊಟ್ಟಿಕ್ತಾ ಇದ್ರೆ ಗೋಡೆ ಒಳಗಿನ ಪೈಪ್ ಸೋರ್ತಿದೆ. ಒಣಗಿದ್ರೆ ಪೈಪ್ ಸರಿ ಇದೆ, ಮುಂದಿನದ್ದು ಟ್ರ್ಯಾಪ್ ಬಾಯಿ ಮುಚ್ಚಿ ನೆಲದ ಮೇಲೆ 1 ಇಂಚು ನೀರು ನಿಲ್ಲಿಸಿ 24ರಿಂದ 48 ಗಂಟೆ ಕೆಳಗೆ ಕಾಯೋದು. ಅದರಲ್ಲಿ ಸೋರಿದ್ರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ನಿಂತ ನೀರಿಗೆ ಸೋರದೆ, ಬಟ್ಟೆ ತೆಗೆದು ನೀರು ಬಿಟ್ಟ ಮೇಲೆ ಸೋರಿದ್ರೆ ನಹಾನಿ ಟ್ರ್ಯಾಪ್ ಇಲ್ಲಾ ಅದರ ಕೆಳಗಿನ ಪೈಪಿನ ಜೋಡಣೆ ಬಿಟ್ಟಿದೆ. ಕೊನೇದು ಆದ್ರೆ ಪೂರ್ತಿ ನೆಲ ಒಡೀಬೇಕಾಗಿಲ್ಲ, ಟ್ರ್ಯಾಪ್ ಸುತ್ತ ಬಿಚ್ಚಿ ಸರಿ ಮಾಡಬಹುದು.

ನೆಲದ್ದೇ ದೋಷ ಅಂತಾದ್ರೆ ಟೈಲ್ ಕಿತ್ತೇ ಕೀಳ್ಬೇಕು. ಫ್ಲಾಟುಗಳಲ್ಲಿ ಬಾತ್‌ರೂಮಿನ ಸ್ಲ್ಯಾಬ್ ತಗ್ಗಿಸಿರ್ತಾರೆ, ಆ ತಗ್ಗಿಗೆ ಇಟ್ಟಿಗೆ ಚೂರು ತುಂಬಿರ್ತಾರೆ, ವರ್ಷಾನುಗಟ್ಟಲೆ ಇಳಿದ ನೀರು ಅದರೊಳಗೇ ನಿಂತಿರುತ್ತೆ. ಅದನ್ನೆಲ್ಲ ತೆಗೆದು ಸ್ಲ್ಯಾಬ್ ಒಣಗಿಸಿ, ತಗ್ಗಿನ ತಳಕ್ಕೂ ಒಂದು ಸಲ, ತುಂಬಿದ ಮೇಲೆ ಇನ್ನೊಂದು ಸಲ ವಾಟರ್‌ಪ್ರೂಫಿಂಗ್ ಮಾಡಿಸಿ, ತಳದಲ್ಲಿ ನೀರು ಹೊರಗೆ ಹೋಗೋಕೆ ಸಣ್ಣ ಪೈಪ್ ಬಿಡಿಸಿ. ಇಷ್ಟು ದೊಡ್ಡ ಕೆಲಸ ಮನೆಯವರೇ ಮಾಡೋದಲ್ಲ, ಮೇಲಿನ ಟೈಲ್ ಮಾತ್ರ ನೀವು ಹಾಕಿ. ಮತ್ತೊಂದು, ಕೆಳಗಿನ ಮನೆ ಸೀಲಿಂಗಲ್ಲಿ ಬರೀ ಒದ್ದೆ ಅಲ್ಲದೆ ಕಂದು ತುಕ್ಕಿನ ಗೆರೆ ಇದ್ರೆ, ಸಿಮೆಂಟ್ ಉದುರಿ ಕಬ್ಬಿಣ ಕಾಣ್ತಿದ್ರೆ, ಟೈಲ್ ಮಾತು ಆಮೇಲೆ, ಮೊದ್ಲು ಎಂಜಿನಿಯರ್ ಕರೆದು ಸ್ಲ್ಯಾಬ್ ತೋರಿಸಿ. ಸಮುದ್ರದ ಗಾಳಿಗೆ ಕಬ್ಬಿಣ ಮೊದ್ಲೇ ಬೇಗ ತುಕ್ಕು ಹಿಡಿಯುತ್ತೆ, ಅದರ ಮೇಲೆ ನೀರೂ ಸೇರಿದ್ರೆ ಕಾಯೋಕೆ ಆಗಲ್ಲ.

ಪ್ರಶ್ನೆ: ನಮ್ಮ ಮನೆ ಕುಮಟಾ ಹತ್ರ ಹೊಳೆ ಬಾಯಲ್ಲಿ. ಬಚ್ಚಲ ಗೋಡೆ ಟೈಲ್ ಸಂದೀಲಿ ಬಿಳಿ ಹಿಟ್ಟು ಹಾಗೆ ಬರ್ತಾ ಇರುತ್ತೆ, ಒರೆಸಿದ್ರೆ ವಾರಕ್ಕೆ ಮತ್ತೆ. ಕೆಲವು ಟೈಲ್ ತಟ್ಟಿದ್ರೆ ಟೊಳ್ಳು ಸದ್ದು, ಒಂದು ಬಿದ್ದೂ ಹೋಯ್ತು. ಮನೆಯವರು ಟೈಲ್ ಕಂಪನಿದು ಮೋಸ ಅಂತಾರೆ. ಎಂತ ಮಾಡೋದು? (ಕುಮಟಾದ ಓದುಗ ಮಹಿಳೆ)

ಉತ್ತರ: ಟೈಲಿನ ತಪ್ಪು ಇರ್ಲಿಕ್ಕಿಲ್ಲ ಅಕ್ಕ. ಆ ಬಿಳಿ ಹಿಟ್ಟು ಉಪ್ಪು. ಪ್ಲಾಸ್ಟರಲ್ಲಿರೋ ಉಪ್ಪು ತೇವದಲ್ಲಿ ಕರಗಿ ಸಂದಿ ಮೂಲಕ ಹೊರಗೆ ಬರುತ್ತೆ, ನೀರು ಆರಿದ ಮೇಲೆ ಉಪ್ಪು ಅಲ್ಲೇ ಉಳಿಯುತ್ತೆ. ಅಘನಾಶಿನಿ ಇರ್ಲಿ ಗಂಗಾವಳಿ ಇರ್ಲಿ ಕಾಳಿ ಶರಾವತಿ ಇರ್ಲಿ, ಸಮುದ್ರ ಸೇರೋ ಹತ್ರ ಉಬ್ಬರ ಇಳಿತದ ನೀರು ಒಳಗೆ ಬರುತ್ತಲ್ಲ, ಅಲ್ಲಿಯ ಮರಳಲ್ಲಿ ಉಪ್ಪು ಇದ್ದೇ ಇರುತ್ತೆ. ಹತ್ರ ಸಿಗುತ್ತೆ ಅಂತ ಅದನ್ನೇ ಬಳಸಿದ್ರೆ ಹೀಗಾಗುತ್ತೆ, ಗಾರೆ ಕಲಸಿದ ಬಾವಿ ನೀರು ಬೇಸಿಗೇಲಿ ಸವಳಾಗಿದ್ರಂತೂ ಇನ್ನೂ ಹೆಚ್ಚು. ಹೊಸದಾಗಿ ಮಾಡೋವಾಗ ಮರಳಿಗೆ ನೀರು ಹಾಕಿ ಕಲಕಿ ತಿಳಿ ಬಸಿದು ಆ ನೀರು ನಾಲಿಗೆ ತುದಿಗೆ ಇಟ್ಟು ನೋಡಿ, ಉಪ್ಪು ರುಚಿ ಬಂದ್ರೆ ಆ ಮರಳು ಬೇಡ, ಎಂ ಸ್ಯಾಂಡ್ ತರಿಸಿ. ಕಲಸೋಕೆ ಕುಡಿಯೋ ನೀರೇ ಬಳಸಿ.

ಟೊಳ್ಳು ಸದ್ದಿನ ವಿಷಯ ಬೇರೆ. ಬಿದ್ದ ಟೈಲ್ ಇನ್ನೂ ಇಟ್ಟಿದ್ರೆ ತಿರುಗಿಸಿ ನೋಡಿ, ನಾಲ್ಕು ಮೂಲೆಗೆ ಮಧ್ಯಕ್ಕೆ ಐದು ಉಂಡೆ ಅಂಟಿನ ಗುರುತು ಇರಬಹುದು. ಬೇಗ ಆಗುತ್ತೆ, ಅಂಟು ಉಳಿಯುತ್ತೆ ಅಂತ ಹಾಗೆ ಮಾಡ್ತಾರೆ. ಉಂಡೆ ಇಲ್ಲದ ಕಡೆ ಖಾಲಿ, ಅಲ್ಲಿ ನೀರು ಕೂರುತ್ತೆ, ಜಿರಳೆ ಕೂರುತ್ತೆ, ಭಾರದ ಬಕೆಟ್ ತಾಗಿದ್ರೆ ಟೈಲ್ ಒಡೆಯುತ್ತೆ. ಒಂದು ನಾಣ್ಯ ಹಿಡಿದು ಗೋಡೆ ಪೂರ್ತಿ ತಟ್ಟಿ, ಟೊಳ್ಳು ಇರೋದಕ್ಕೆಲ್ಲ ಚಾಕ್ ಗುರುತು ಹಾಕಿ. ಅಲ್ಲೊಂದು ಇಲ್ಲೊಂದು ಇದ್ರೆ ಅಷ್ಟೇ ಬಿಚ್ಚಿ ಹಳೇ ಅಂಟು ಕೆರೆದು ಬೆನ್ನ ತುಂಬ ಅಂಟು ಹಚ್ಚಿ ಕೂರಿಸಿ, ಇದನ್ನ ನೀವೇ ಆರಾಮಾಗಿ ಮಾಡಬಹುದು. ಆದ್ರೆ ಬಿಚ್ಚಿದಾಗ ಹಿಂದಿನ ಪ್ಲಾಸ್ಟರ್ ಉಗುರಲ್ಲಿ ಕೆರೆದ್ರೆ ಉದುರ್ತಾ ಇದ್ರೆ ಆ ಗೋಡೆ ಪ್ಲಾಸ್ಟರ್ ಪೂರ್ತಿ ತೆಗೆಸಲೇಬೇಕು, ಬೇರೆ ದಾರಿ ಇಲ್ಲ. ಅಲ್ಲೀವರೆಗೆ ಬಿಳಿ ಹಿಟ್ಟನ್ನ ಒಣ ಬ್ರಷ್ಷಲ್ಲಿ ಉದುರಿಸಿ, ನೀರು ಹಾಕಿ ತೊಳೆದ್ರೆ ಉಪ್ಪು ಮತ್ತೆ ಕರಗಿ ಒಳಗೆ ಹೋಗುತ್ತೆ.

ಪ್ರಶ್ನೆ: ಗ್ರೌಟ್ ಸಿಮೆಂಟಿಂದಾ ಎಪಾಕ್ಸಿದಾ? ಸಂದಿ ಬಿಡದೆ ಜೋಡಿಸಿ ಹಾಕಿದ್ರೆ ಗ್ರೌಟೇ ಬೇಡ ಅಲ್ದಾ? (ಹೊನ್ನಾವರ)

ಉತ್ತರ: ಸಂದಿ ಬೇಕು, 2ರಿಂದ 3 ಮಿಲಿಮೀಟರ್ ಸ್ಪೇಸರ್ (ಟೈಲ್ ನಡುವೆ ಇಡೋ ಪ್ಲಾಸ್ಟಿಕ್ ತುಂಡು) ಇಟ್ಟೇ ಹಾಕಿ. ಒಂದೇ ಡಬ್ಬದ ಟೈಲುಗಳಲ್ಲೂ ಕೂದಲೆಳೆ ವ್ಯತ್ಯಾಸ ಇರುತ್ತೆ, ಒತ್ತಿ ಜೋಡಿಸಿದ್ರೆ ನಾಲ್ಕು ಸಾಲು ಹೋಗೋದ್ರೊಳಗೆ ಗೆರೆ ತಪ್ಪುತ್ತೆ, ಬಿಸಿ ತಂಪಿಗೆ ಹಿಗ್ಗೋಕೂ ಜಾಗ ಇರಲ್ಲ. ಅಲ್ಲದೆ ಎಷ್ಟು ಒತ್ತಿದ್ರೂ ನೀರು ಹೋಗೋಷ್ಟು ಸಂದಿ ಇದ್ದೇ ಇರುತ್ತೆ, ಗ್ರೌಟ್ ಇಳಿಯೋಷ್ಟು ಮಾತ್ರ ಇರಲ್ಲ.

ನಮ್ಮ ಕಡೆ ಹವೆಗೆ ನೆಲಕ್ಕೂ ನೀರು ಬೀಳೋ ಗೋಡೆಗೂ ಎಪಾಕ್ಸಿಯೇ ಒಳ್ಳೇದು, ಸಿಮೆಂಟ್ ಗ್ರೌಟ್ ನೀರು ಕುಡಿದು ಮಳೆಗಾಲದಲ್ಲಿ ಕಪ್ಪು ಬೂಸ್ಟು ಹಿಡಿಯುತ್ತೆ. ಅಂಟಿಸಿ ಒಂದು ದಿನ ಕಳೆದ ಮೇಲೆ ಗ್ರೌಟ್ ಮಾಡಿ. ಆದ್ರೆ ಎಪಾಕ್ಸಿ ಹೊಸಬರಿಗೆ ಸ್ವಲ್ಪ ಕಾಟ ಕೊಡುತ್ತೆ, ಎಪಾಕ್ಸಿ ಅಂಟು (ರೆಸಿನ್), ಗಟ್ಟಿಕಾರಕ, ಪುಡಿ ಮೂರನ್ನೂ ಹೇಳಿದ ಅಳತೇಲಿ ಕಲಸಿದ ಮೇಲೆ ಬೇಸಿಗೇಲಿ ಅರ್ಧ ಗಂಟೆ ಸಿಕ್ರೆ ಹೆಚ್ಚು, ಆಮೇಲೆ ಕಲ್ಲು. ಸ್ವಲ್ಪ ಸ್ವಲ್ಪ ಕಲಸಿ, ಒಬ್ಬರು ತುಂಬ್ತಾ ಹೋಗಿ ಇನ್ನೊಬ್ಬರು ಹಿಂದೆಯೇ ಒದ್ದೆ ಸ್ಪಂಜಲ್ಲಿ ಒರೆಸ್ತಾ ಬನ್ನಿ, ನಾಳೆ ಒರೆಸೋಣ ಅಂತ ಬಿಟ್ರೆ ಟೈಲ್ ಮೇಲೆ ಮಂಜಿನ ಪದರ ಕೂತು ಹೋಗೋದೇ ಇಲ್ಲ. ಗೋಡೆ ಗೋಡೆ ಸೇರೋ ಮೂಲೆ, ಗೋಡೆ ನೆಲ ಸೇರೋ ಮೂಲೆ, ಇವಕ್ಕೆ ಯಾವ ಗ್ರೌಟೂ ಬೇಡ, ಬೂಸ್ಟು ಹಿಡಿಯದ ಸಿಲಿಕಾನ್ ಸೀಲಂಟ್ ತುಂಬಿ. ಮೂಲೆ ಸ್ವಲ್ಪ ಅಲುಗಾಡೋ ಜಾಗ, ಗ್ರೌಟ್ ಅಲ್ಲಿ ಬಿರುಕು ಬಿಟ್ಟೇ ಬಿಡುತ್ತೆ.

ಪ್ರಶ್ನೆ: ಅಂಕೋಲಾದಿಂದ ಬರೀತಿದೀನಿ. ನಾನೇ ಬಾತ್‌ರೂಮ್ ನೆಲಕ್ಕೆ 2 ಅಡಿ 2 ಅಡಿ ಟೈಲ್ ಹಾಕಿದೆ, ನೋಡೋಕೆ ಚಂದ ಬಂದಿದೆ ಆದ್ರೆ ಬಾಗಿಲ ಹತ್ರ ನೀರು ನಿಲ್ಲುತ್ತೆ, ವೈಪರಲ್ಲಿ ತಳ್ಳಬೇಕು. ಪೂರ್ತಿ ತೆಗೀಬೇಕಾ? (ಅಂಕೋಲಾದ ಓದುಗರು)

ಉತ್ತರ: ಬಾತ್‌ರೂಮ್ ನೆಲ ಟ್ರ್ಯಾಪ್ ಇರೋ ಒಂದು ಮೂಲೆ ಕಡೆಗೆ ಎಲ್ಲಾ ದಿಕ್ಕಿಂದ ಇಳೀಬೇಕು, ದೊಡ್ಡ ಟೈಲ್ ಮಡಚೋದಿಲ್ವಲ್ಲ, ಅದಕ್ಕೇ 2 ಅಡಿ ಟೈಲಿಗೆ ಆ ವಾಟ ಕೊಡೋದು ಕಷ್ಟ, ಓರೆಯಾಗಿ ಕತ್ತರಿಸಿ ಹಾಕ್ಬೇಕಾಗುತ್ತೆ. 1 ಅಡಿ ಇಲ್ಲಾ ಅದಕ್ಕಿಂತ ಸಣ್ಣ, ಮ್ಯಾಟ್ ಮೇಲ್ಮೈ ಇರೋ ಟೈಲೇ ಬಚ್ಚಲಿಗೆ ಸರಿ, ಹೊಳೆಯೋ ಟೈಲನ್ನ ಬಚ್ಚಲ ನೆಲಕ್ಕೆ ಯಾರೂ ಹಾಕಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಮನೇಲಿ ವಯಸ್ಸಾದವರು ಒಬ್ಬರು ಜಾರಿ ಬಿದ್ರೆ ಸಾಕು.

ಪೂರ್ತಿ ತೆಗೀಬೇಕಾ ಅಂತ ರಸಮಟ್ಟ ಇಟ್ಟು ನೋಡಿ ಹೇಳಬಹುದು. 80ಕ್ಕೆ 1 ಇಳಿಜಾರು ಇದ್ರೆ ನೀರು ಚೆನ್ನಾಗಿ ಹರಿಯುತ್ತೆ, ಅಂದ್ರೆ 7 ಅಡಿ ಉದ್ದಕ್ಕೆ ಸುಮಾರು 1 ಇಂಚು. ಬಾಗಿಲ ಹತ್ರ ಟೈಲ್ ಮೇಲೆ ಪಟ್ಟಿ ಇಟ್ಟು ಅದರ ಮೇಲೆ ರಸಮಟ್ಟ ಇಡಿ. ಗುಳ್ಳೆ ಟ್ರ್ಯಾಪಿನ ವಿರುದ್ಧ ಕಡೆಗೆ ಹೋದ್ರೆ ವಾಟ ಸರಿ ಇದೆ, ನಡುವೆ ಎಲ್ಲೋ ಒಂದು ಟೈಲ್ ಎದ್ದು ನೀರು ತಡೀತಿದೆ, ಆ ಒಂದೆರಡು ತೆಗೆದು ಕೂರಿಸಿದ್ರೆ ಸಾಕು. ಗುಳ್ಳೆ ಟ್ರ್ಯಾಪ್ ಕಡೆಗೇ ಹೋದ್ರೆ ವಾಟ ತಿರುಗಾ ಇದೆ, ಆಗ ಆ ಅರ್ಧ ನೆಲ ಎಬ್ಬಿಸಲೇಬೇಕು. ಎಬ್ಬಿಸೋವಾಗ ಕೆಳಗಿನ ಕೋಟಿಂಗ್ ಹರಿಯುತ್ತೆ, ಅಲ್ಲಿಗೆ ಮತ್ತೆ ಬಳಿದು ನೀರು ನಿಲ್ಲಿಸಿ ನೋಡಿನೇ ಟೈಲ್ ಹಾಕಿ. ಬಾತ್‌ರೂಮ್ ನೆಲ ಹೊರಗಿನ ನೆಲಕ್ಕಿಂತ ಅರ್ಧ ಇಂಚಾದ್ರೂ ಕೆಳಗಿರ್ಲಿ. ಈ ಸಲ ಗಾರೆ ಹಾಕೋ ಮುಂಚೆ ಟ್ರ್ಯಾಪಿಂದ ನಾಲ್ಕು ಮೂಲೆಗೂ ದಾರ ಕಟ್ಟಿ ದಾರದ ಗುಂಟ ಹಾಕಿ, ಕಣ್ಣಂದಾಜು ಬೇಡ.

ಪ್ರಶ್ನೆ: ಸಿದ್ದಾಪುರ ಕಡೆ ನಮ್ಮ ಬಾವಿ ನೀರಿಗೆ ಟೈಲೆಲ್ಲ ಕೆಂಪು ಕಲೆ. ಆಸಿಡ್ ಹಾಕಿ ತೊಳೀಬಹುದಾ?

ಉತ್ತರ: ಅಂಗಡೀಲಿ ಬಾಟ್ಲಿಲಿ ಸಿಗೋ ಹೈಡ್ರೋಕ್ಲೋರಿಕ್ ಆಸಿಡ್ ಬೇಡ, ಅದು ಸಿಮೆಂಟ್ ಗ್ರೌಟ್ ತಿಂದು ಹಾಕುತ್ತೆ, ನಲ್ಲಿಯ ಹೊಳಪೂ ಹೋಗುತ್ತೆ. ಬ್ಲೀಚಿಂಗ್ ಜೊತೆಗಂತೂ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಕಲೆ ಕಬ್ಬಿಣದ್ದು. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ನೀರಲ್ಲಿ ಕರಗಿಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಬ್ರಷ್ಷಲ್ಲಿ ಉಜ್ಜಿ ಚೆನ್ನಾಗಿ ತೊಳೀರಿ, ಮೊದ್ಲು ಒಂದು ಮೂಲೇಲಿ ನೋಡ್ಕೊಂಡು. ಬಾವಿ ನೀರನ್ನ ಟ್ಯಾಂಕಿಗೆ ಮೇಲಿಂದ ಗಾಳಿಗೆ ತಾಗೋ ಹಾಗೆ ಬೀಳಿಸಿ ರಾತ್ರಿ ಪೂರ್ತಿ ನಿಲ್ಲಿಸಿದ್ರೆ ಕಬ್ಬಿಣ ತಳಕ್ಕೆ ಕೂರುತ್ತೆ, ಟ್ಯಾಂಕ್ ಮಾತ್ರ ಆಗಾಗ ತೊಳೀಬೇಕು.

ಪ್ರಶ್ನೆ: 5 ಅಡಿ 7 ಅಡಿ ಬಾತ್‌ರೂಮಿಗೆ ಎಷ್ಟು ಟೈಲ್ ತರೋದು? ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. (ಯಲ್ಲಾಪುರ)

ಉತ್ತರ: ನೀವೇ ಲೆಕ್ಕ ಹಾಕಿ, ಸುಲಭ ಇದೆ. ನಾಲ್ಕೂ ಗೋಡೆ ಸುತ್ತಳತೆ 24 ಅಡಿ, 7 ಅಡಿ ಎತ್ತರಕ್ಕೆ ಅಂದ್ರೆ 168 ಚದರ ಅಡಿ, ಬಾಗಿಲಿಗೆ 16 ಕಳೀರಿ, 152 ಉಳೀತು. ಒಡೆಯೋದು ಕತ್ತರಿಸೋದಕ್ಕೆ ನೂರಕ್ಕೆ ಹತ್ತು ಸೇರಿಸಿದ್ರೆ 167. ಗೋಡೆಗೆ 1 ಅಡಿ 2 ಅಡಿ ಅಂತ ಕರೆಯೋ ಟೈಲ್ ನಿಜಕ್ಕೂ 300ಕ್ಕೆ 600 ಮಿಲಿಮೀಟರ್, ಡಬ್ಬದಲ್ಲಿ 5 ಇರುತ್ತೆ, ಅದು 10 ಚದರ ಅಡಿ ಅಲ್ಲ, 9.69. ಹಾಗಾಗಿ 18 ಡಬ್ಬ ಬೇಕು, ಅಂಗಡಿಯವರು ಹತ್ತರಿಂದ ಭಾಗಿಸಿ 17 ಅಂದ್ರೆ ಕೊನೇ ಗೋಡೇಲಿ ಕಮ್ಮಿ ಬೀಳಬಹುದು. ನೆಲ 35, ನೂರಕ್ಕೆ ಹತ್ತು ಸೇರಿಸಿ 38.5, 1 ಅಡಿ ಟೈಲ್ 40 ಸಾಕು. 20 ಕೆಜಿ ಅಂಟಿನ ಚೀಲ ಸಮ ಗೋಡೆಗೆ ಸುಮಾರು 50 ಚದರ ಅಡಿ ಬರುತ್ತೆ, ನಿಮಗೆ 4 ಚೀಲ, ಬೆನ್ನಿಗೂ ಬಳಿಯೋದಾದ್ರೆ 5.

ಎಲ್ಲ ಒಂದೇ ಸಲ ತನ್ನಿ. ಟೈಲ್ ಹೆಚ್ಚಿನವು ಗುಜರಾತಿನ ಮೋರ್ಬಿಯಿಂದ ಬರ್ತವೆ, ಪ್ರತಿ ಡಬ್ಬದ ಮೇಲೆ ಬ್ಯಾಚ್ ನಂಬರ್ ಶೇಡ್ ನಂಬರ್ ಇರುತ್ತೆ, ಗಾಡಿಯಿಂದ ಇಳಿಸೋ ಮುಂಚೆ ಎಲ್ಲ ಡಬ್ಬದ್ದೂ ಒಂದೇನಾ ನೋಡಿ. ಬೇರೆ ಬ್ಯಾಚಿಂದು ಸೇರಿದ್ರೆ ಅಂಗಡಿ ಬೆಳಕಲ್ಲಿ ಗೊತ್ತಾಗಲ್ಲ, ಮನೇಲಿ ಕಿಟಕಿ ಬೆಳಕು ಬಿದ್ದಾಗ ಗೋಡೆ ನಡುವೆ ಪಟ್ಟೆ ಕಾಣುತ್ತೆ. ಹಾಕೋವಾಗ್ಲೂ ಮೂರ್ನಾಲ್ಕು ಡಬ್ಬ ಒಟ್ಟಿಗೆ ತೆರೆದು ಕಲಸಿ ಹಾಕಿ. ಉಳಿದ ಟೈಲ್ ಅಂಗಡಿಗೆ ವಾಪಸ್ ಕೊಡ್ಬೇಡಿ, ಡಬ್ಬದ ಸಮೇತ ಅಟ್ಟದ ಮೇಲಿಡಿ, ಎರಡು ವರ್ಷ ಕಳೆದು ಒಂದು ಟೈಲ್ ಒಡೆದಾಗ ಅದೇ ಡಿಸೈನ್ ಹುಡುಕಿದ್ರೂ ಸಿಗಲ್ಲ.